ಮೈತುಂಬ ಸೀರೆ ಉಟ್ಟ ದೆವ್ವ

ಹೆದರಿದ ಹೆಂಗಸರ ಬಗ್ಗೆ ಬರೆದು ಬರೆದು ನನಗೆ ಸಾಕಾಗಿಹೋಗಿತ್ತು. ಮುಂಬೈಯ ಗೋರೆಗಾಂವ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಬಿಸಿಲು ಬೀಳದಂತೆ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನನ್ನ ಕೆಲಸ ಅದೇ ಆಗಿತ್ತು. ಹಳೆಯ ಹಿಂದಿ ದೆವ್ವದ ಸಿನಿಮಾಗಳ ಪೋಸ್ಟರುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿ ಹರಡುವುದು, ಅದರಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ನೋಡುವುದು, ಕಂಪ್ಯೂಟರಿಗೆ ಸೇರಿಸುವುದು. ಪೋಸ್ಟರುಗಳನ್ನು ಕೂಡಿಟ್ಟಿದ್ದ ಒಬ್ಬ ವ್ಯಾಪಾರಿ ತೀರಿಕೊಂಡ ಮೇಲೆ ಮನೆಯವರು ಎಲ್ಲವನ್ನೂ ಒಂದು ಸಣ್ಣ ಸಂಸ್ಥೆಗೆ ಕೊಟ್ಟುಬಿಟ್ಟಿದ್ದರು. ಪಟ್ಟಿ ಮುಗಿದ ಮೇಲೆ ಪ್ರದರ್ಶನ ಇಡಬೇಕೆಂದು ಆ ಸಂಸ್ಥೆಯವರ ಯೋಚನೆ.

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗಿ, ಕೊನೆಕೊನೆಗೆ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಿ ನಿವೃತ್ತಳಾದೆ. ಮನೆಯಲ್ಲೇ ಕೂತರೆ ಮಂಡಿ ಪೂರ್ತಿ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಅದೇ ಹೊತ್ತಿಗೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲೇ ಬೆಳೆದ ಹುಡುಗಿಯೊಬ್ಬಳು ಈ ಕೆಲಸಕ್ಕೆ ಕರೆದಳು. ಅವಳ ಅಪ್ಪ ಉಡುಪಿ ಕಡೆಯವರು, ಹೋಟೆಲಿನವರು. ಈಗ ಈ ಸಂಸ್ಥೆಗೆ ಅವಳೇ ಮ್ಯಾನೇಜರ್.

"ಆಂಟಿ, ನೀವು ಹಿಂದಿ, ಮರಾಠಿ, ಇಂಗ್ಲಿಷ್ ಸಬ್ ಕುಛ್ ಬರೀತೀರಿ. ಆರಾಮ್ ಕೆಲಸ," ಎಂದಳು. "ನನ್ನ ಜೊತೆ ಕನ್ನಡ ಕೂಡ ಮಾತಾಡಿ. ನನಗೆ ಅರ್ಥ ಆಗ್ತದೆ, ಬೋಲ್‌ನಾ ಮಾತ್ರ ಥೋಡಾ ಕಷ್ಟ."

ಲೋಕಲ್‌ನಲ್ಲಿ ಎರಡೇ ಸ್ಟೇಷನ್. ಒಪ್ಪಿಕೊಂಡೆ.

ಕೆಲಸವೇನೋ ಆರಾಮದ್ದೇ. ಆದರೆ ದಿನಕ್ಕೆ ಹತ್ತು ಹನ್ನೆರಡು ಪೋಸ್ಟರ್ ನೋಡಿದರೆ ಸಂಜೆ ಹೊತ್ತಿಗೆ ಮೈಯೆಲ್ಲ ಭಾರವಾಗುತ್ತಿತ್ತು. ಎಲ್ಲದರಲ್ಲೂ ಹಸಿರು, ನೇರಳೆ, ಕೆಂಪು. ಅಕ್ಷರಗಳಿಂದ ರಕ್ತ ತೊಟ್ಟಿಕ್ಕುತ್ತಿರಬೇಕು. ಹಿಂದೆ ಒಂದು ಹಾಳು ಹವೇಲಿ, ಅದರ ಮೇಲೆ ಚಂದ್ರ. ಮೂಲೆಯಲ್ಲಿ ಟಾರ್ಚೋ ಬಂದೂಕೋ ಹಿಡಿದ ಹೀರೋ, ಹೆಬ್ಬೆರಳಿನಷ್ಟು ಗಾತ್ರದವನು. ನಡುವೆ, ಅರ್ಧ ಕಾಗದ ತುಂಬುವಂತೆ, ಬಾಯಿ ತೆರೆದು ಕಿರುಚುತ್ತಿರುವ ಹೆಂಗಸು. ಅವಳ ಸೀರೆ ಒದ್ದೆಯಾಗಿರುತ್ತದೆ, ಇಲ್ಲವೇ ಹರಿದಿರುತ್ತದೆ, ಇಲ್ಲವೇ ಜಾರಿರುತ್ತದೆ. ರಾಕ್ಷಸ ನಿಂತಿರುವುದು ಅವಳ ಬೆನ್ನ ಹಿಂದೆ. ಅವಳು ನೋಡುವುದು ಮಾತ್ರ ನಮ್ಮನ್ನು. ಅವನ ಕಡೆ ತಿರುಗಿದವಳು ಒಬ್ಬಳೂ ಇರಲಿಲ್ಲ. ಗಂಡಸರೂ ಹೆದರಿದಂತೆ ಕಾಣುತ್ತಿದ್ದರು, ಆದರೆ ಹುಬ್ಬು ಗಂಟಿಕ್ಕಿ, ತುಟಿ ಬಿಗಿದುಕೊಂಡು. ಬಾಯಿ ಬಿಟ್ಟ ಗಂಡಸು ನನಗೆ ಸಿಗಲೇ ಇಲ್ಲ.

ಕಂಪ್ಯೂಟರಿನ ಫಾರಂನಲ್ಲಿ "ಪಾತ್ರ" ಎಂಬ ಒಂದು ಕಾಲಂ ಇತ್ತು. ಗಂಡಸಿಗೆ ನಾಯಕ, ಖಳ, ಮಾಂತ್ರಿಕ, ಪೊಲೀಸ್, ಡಾಕ್ಟರ್, ಕಾವಲುಗಾರ, ರಾಕ್ಷಸ ಎಂದು ಕೆಳಗೆ ಎಳೆದಷ್ಟೂ ಉದ್ದದ ಪಟ್ಟಿ. ಹೆಂಗಸಿಗೆ ಮೂರೇ: ನಾಯಕಿ, ಬಲಿ, ದೆವ್ವ. ಮೂರರಲ್ಲಿ ಒಂದನ್ನು ಒತ್ತದಿದ್ದರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ನಾನು ಒತ್ತುತ್ತಿದ್ದೆ. ಸಂಜೆ ರೈಲಿನಲ್ಲಿ ಕಣ್ಣು ಮುಚ್ಚಿದರೆ ಆ ಬಾಯಿಗಳೇ ಕಾಣುತ್ತಿದ್ದವು.

ಇವು ನನಗೆ ಹೊಸವೇನೂ ಆಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕಾಂದಿವಲಿಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನ ಎದುರಿಗೆ ಒಂದು ಉದ್ದದ ಗೋಡೆ ಇತ್ತು. ಪ್ರತಿ ಶುಕ್ರವಾರ ಅಲ್ಲಿ ಹೊಸ ಪೋಸ್ಟರ್ ಬೀಳುತ್ತಿತ್ತು. ಶಾಲೆಗೆ ಹೋಗುವ ದಾರಿ ಅದೇ. ಅಮ್ಮ ಜೊತೆಯಲ್ಲಿದ್ದ ದಿನ ಸುತ್ತುಬಳಸಿ ಹಿಂದಿನ ಗಲ್ಲಿಯಿಂದ ಕರೆದುಕೊಂಡು ಹೋಗುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಬ್ಬಳೇ ಹೋಗುವಾಗ ನೆಲ ನೋಡಿಕೊಂಡು ಬೇಗಬೇಗ ನಡೆಯುತ್ತಿದ್ದೆ. ಗೋಡೆಯ ಮುಂದೆ ಯಾವಾಗಲೂ ನಾಲ್ಕೈದು ಗಂಡಸರು ನಿಂತಿರುತ್ತಿದ್ದರು. ಒಂದು ದಿನ ಅವರಲ್ಲೊಬ್ಬ ಪೋಸ್ಟರನ್ನೂ ನನ್ನನ್ನೂ ನೋಡಿ ಏನೋ ಅಂದ. ಉಳಿದವರು ನಕ್ಕರು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂಬ ಹೆದರಿಕೆ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನದ ಉರಿಬಿಸಿಲಿಗೆ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ನಾನು ಕಂಪಾಸ್ ಡಬ್ಬಿಯಿಂದ ಕೈವಾರ ತೆಗೆದು, ಅದರ ಮೊನೆಯಿಂದ ಆ ಹೆಂಗಸಿನ ಎರಡೂ ಕಣ್ಣುಗಳನ್ನು ಕೆರೆದು ಹಾಕಿದೆ. ಕಾಗದದ ಹಿಂದಿನ ಸುಣ್ಣ ಉದುರುವವರೆಗೆ ಕೆರೆದೆ. ಆ ಗಂಡಸರ ಮೇಲೆ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಸಿಟ್ಟೆಲ್ಲ ಅವಳ ಮೇಲೆ. ಹೀಗೆ ನಿಲ್ಲಲು ಇವಳಿಗೆ ಯಾರು ಹೇಳಿದರು, ಇವಳಿಂದಾಗಿ ನನಗೆ ಹೀಗಾಯಿತಲ್ಲ ಎಂದು.

ನಲವತ್ತು ವರ್ಷಗಳ ಮೇಲೆ ಗೋರೆಗಾಂವ್‌ನಲ್ಲಿ ಒಂದು ಹಲ್ಲು ನನ್ನ ಕಣ್ಣಿಗೆ ಬಿತ್ತು. ಕೆಲಸಕ್ಕೆ ಸೇರಿ ತಿಂಗಳಾಗಿತ್ತೇನೋ. ಒಂದು ಪೋಸ್ಟರಿನ ಕಿರುಚುವ ಹೆಂಗಸಿಗೆ ಎಡಗಡೆಯ ಕೋರೆಹಲ್ಲಿನ ಮೇಲೆ ಇನ್ನೊಂದು ಹಲ್ಲು ಹತ್ತಿಕೊಂಡಿತ್ತು. ಮೇಲುಹಲ್ಲು ಎನ್ನುತ್ತೇವಲ್ಲ, ಅದು. ಈ ಹಲ್ಲನ್ನು ನಿನ್ನೆಯೂ ನೋಡಿದ್ದೇನೆ ಅನ್ನಿಸಿತು. ಹಿಂದಿನವನ್ನೆಲ್ಲ ಮತ್ತೆ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಬೇರೆ ಬೇರೆ ಸಿನಿಮಾ, ಬೇರೆ ಬೇರೆ ನಟಿಯರ ಹೆಸರು, ಆದರೆ ಹಲ್ಲು ಅದೇ. ಒಂದರಲ್ಲಿ ಕೂದಲು ಗುಂಗುರು, ಇನ್ನೊಂದರಲ್ಲಿ ಜಡೆ. ಕೆಲವು ಪೋಸ್ಟರುಗಳಲ್ಲಿ ದೆವ್ವಕ್ಕೂ ಅದೇ ಹಲ್ಲು. ಬಿಳಿ ಕೂದಲು, ಹಸಿರು ಮುಖ, ಕಣ್ಣಿನಲ್ಲಿ ಪಾಪೆ ಇಲ್ಲ, ಆದರೆ ಬಾಯೊಳಗೆ ಎಡಗಡೆ ಅದೇ ಮೇಲುಹಲ್ಲು. ಹೆದರಿದವಳೂ ಹೆದರಿಸುವವಳೂ ಒಬ್ಬಳೇ.

ಆ ಪೋಸ್ಟರುಗಳ ಕೆಳಮೂಲೆಯಲ್ಲೆಲ್ಲ ಒಂದು ಸಣ್ಣ ಸುರುಳಿಯಂಥ ಗುರುತಿತ್ತು. ಮ್ಯಾನೇಜರ್ ಹುಡುಗಿ ಅದನ್ನು ಪ್ರೆಸ್ಸಿನ ಗುರುತು ಎಂದುಕೊಂಡು ಬಿಟ್ಟಿದ್ದಳು. ಅದು ಒಂದು ಕನ್ನಡ ಅಕ್ಷರ. ಯಾವ ಅಕ್ಷರ ಎಂದು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳುವುದಿಲ್ಲವೆಂದು ಆಮೇಲೆ ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

"ಆಂಟಿ, ಸೀರಿಯಸ್ಲಿ? ಕನ್ನಡಾ?" ಎಂದು ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

ತೀರಿಕೊಂಡ ವ್ಯಾಪಾರಿಯ ಡೈರಿಯಲ್ಲಿ ಧಾರಾವಿಯ ಒಬ್ಬ ಪೇಂಟರನ ನಂಬರ್ ಇತ್ತು. ಮುಂಚೆ ಪೋಸ್ಟರಿನ ಅಕ್ಷರ ಬರೆಯುತ್ತಿದ್ದವನು, ಈಗ ಅಂಗಡಿ ಬೋರ್ಡು ಬರೆಯುತ್ತಾನೆ. ಫೋನಿನಲ್ಲಿ ಅಕ್ಷರದ ವಿಷಯ ಹೇಳಿದ ಕೂಡಲೇ ಅವನಿಗೆ ಹೊಳೆಯಿತು. "ವೋ? ವೋ ತೋ ಆಪ್‌ಕೇ ಗಾಂವ್ ಕಾ ಥಾ," ಎಂದ. ಮುಂಬೈಯವರಿಗೆ ಕರ್ನಾಟಕವೆಲ್ಲ ಒಂದೇ ಊರು. ಆ ಅಕ್ಷರ ಹಾಕುತ್ತಿದ್ದ ಚಿತ್ರಕಾರ ಬಾಗಲಕೋಟೆ ಕಡೆಯವರಂತೆ, ತೀರಿಕೊಂಡು ಏಳು ವರ್ಷವಾಯಿತಂತೆ. ಹೆಂಡತಿ ಇದ್ದಾಳೆ, ಧಾರಾವಿಯಲ್ಲೇ, ಅವರ ಹಳೆಯ ಮನೆಯಲ್ಲಿ, ಎಂದು ಗಲ್ಲಿಯ ಗುರುತು ಹೇಳಿದ.

ಮಾಹಿಮ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಕಡೆಯ ಮೆಟ್ಟಿಲು ಇಳಿಯುವಷ್ಟರಲ್ಲೇ ನನ್ನ ಮಂಡಿ ಸೋತಿತ್ತು. ಯಾಕೆ ಬಂದೆ, ಫೋನಿನಲ್ಲೇ ಕೇಳಬಹುದಿತ್ತು ಎಂದುಕೊಳ್ಳುತ್ತಲೇ ನಡೆದೆ. ಮನೆಯ ಬಾಗಿಲಲ್ಲಿ ಎಪ್ಪತ್ತು ದಾಟಿದ ಒಬ್ಬ ತೆಳ್ಳನೆಯ ಹೆಂಗಸು ಬ್ಯಾಗುಗಳ ರಾಶಿಯ ನಡುವೆ ಕೂತು, ಹೊಲಿಗೆಯಿಂದ ಹೊರಗೆ ಇಣುಕುವ ದಾರಗಳನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ತಲೆ ಎತ್ತಿದರು. ನಕ್ಕಾಗ ಎಡಗಡೆಯ ಮೇಲುಹಲ್ಲು ಕಂಡಿತು. ನಾನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

"ಒಳಗ ಬರ್ರಿ ಬಾಯಾರ," ಎಂದರು. "ಚಪ್ಲಿ ಹೊರಗ ಬಿಡಬ್ಯಾಡ್ರಿ, ಒಳಗ ತಗೊಂಡ್ ಬರ್ರಿ."

ಫೋನಿನಲ್ಲಿ ಎರಡು ಪೋಸ್ಟರುಗಳ ಚಿತ್ರ ತಂದಿದ್ದೆ. ತೋರಿಸಲು ಸಂಕೋಚವಾಗಿ, ಮುಖ ಮಾತ್ರ ಕಾಣುವಂತೆ ಕತ್ತರಿಸಿಟ್ಟುಕೊಂಡಿದ್ದೆ. ಅವರು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಾನ," ಎಂದರು. ಆಮೇಲೆ ಬೆರಳಿನಿಂದ ಚಿತ್ರದ ಕೆಳಗಿನ ಅಂಚನ್ನು ಒರೆಸಿದ ಹಾಗೆ ಮಾಡಿ, "ಕೆಳಗಿಂದು ಯಾಕ ಮುಚ್ಚೀರಿ? ನಂಗ ಗೊತ್ತೈತಿ ಅಲ್ಲೇನೈತಿ ಅನ್ನೋದು," ಎಂದರು.

ನಾನು ಫೋನು ವಾಪಸು ತೆಗೆದುಕೊಂಡೆ. ಅವರಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಇನ್ನೊಂದು ಬ್ಯಾಗು ಎಳೆದುಕೊಂಡು ದಾರ ಕತ್ತರಿಸುತ್ತಲೇ ಹೇಳಿದರು.

ಆಗ ಅವರಿಗೆ ಮೂವತ್ತರ ಒಳಗಿನ ವಯಸ್ಸು. ಗಂಡ ದೊಡ್ಡ ಪೋಸ್ಟರ್ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದರು. ದೆವ್ವದ ಸಿನಿಮಾಗಳು ಅವಸರದ ಬಾಬತ್ತು. ಸಿನಿಮಾ ಇನ್ನೂ ಅರ್ಧ ಆಗಿರುವಾಗಲೇ ಪೋಸ್ಟರ್ ಬೇಕು, ನಟಿಯ ಸರಿಯಾದ ಒಂದು ಫೋಟೋ ಬಂದಿರುವುದಿಲ್ಲ. ಒಂದು ದಿನ ಗಂಡ ಮನೆಗೆ ಬಂದು, ಮುಖದ ಫೋಟೋ ಬೇಕು, ಬಾ ಎಂದು ಕರೆದುಕೊಂಡು ಹೋದರು.

"ಸ್ಟುಡಿಯೋದ ಗಚ್ಚಿ ಮ್ಯಾಲ, ಬಿಸಲಾಗ ನಿಲ್ಲಿಸಿದ್ರು. ಸುತ್ತಲೂ ಮಂದಿ ಇರೂ ಚಾಳ. ನಾ ಚೀರಿದ್ರ ಮಂದಿ ಓಡಿ ಬರ್ತಾರ ಅಂತ, ‘ಬಾಯಿ ತೆರಿ, ದನಿ ತೆಗೀಬ್ಯಾಡ’ ಅಂದ್ರು. ದನಿ ಇಲ್ದ ಚೀರೋದು ಭಾಳ ತ್ರಾಸ ಐತ್ರಿ. ಮಾಡಿ ನೋಡ್ರಿ ಬೇಕಾದ್ರ. ಗದ್ದ ಎಲ್ಲಾ ಹಿಡಕೊಂಡು ಎರಡ್ ದಿವ್ಸ ರೊಟ್ಟಿ ಅಗಿಯಾಕ ಆಗಲಿಲ್ಲ."

"ಏನು ನೋಡಿ ಹೆದರಿದ ಹಾಗೆ ಮಾಡಿದಿರಿ?" ಎಂದು ಕೇಳಿದೆ.

"ಏನ್ ನೋಡ್ತೀನ್ರಿ? ನಮ್ಮನಿಯವ್ರನ್ನ ನೋಡಿದೆ. ಕ್ಯಾಮೆರಾ ಹಿಡಕೊಂಡು ಎದುರಿಗೆ ನಿಂತಿದ್ರಲ್ಲ."

ಅದು ಒಂದೇ ಒಂದು ಮಧ್ಯಾಹ್ನದ ಕೆಲಸ. ಆ ಫೋಟೋಗಳು ಏನಾದವೆಂದು ಅವರು ಕೇಳಲಿಲ್ಲ. ತಿಂಗಳುಗಳ ಮೇಲೆ ಒಂದು ಭಾನುವಾರ ಅವರ ಅಣ್ಣ ಬಂದ. ಅವನಿಗೆ ಕಾಂದಿವಲಿ ಕಡೆ ಬಿಲ್ಡಿಂಗ್ ಕಟ್ಟುವ ಕೆಲಸ. ಊರಿನಿಂದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ ಬಂದರೆ ತಂಗಿಗೆ ತಂದುಕೊಟ್ಟು, ಊಟ ಮಾಡಿ, ಸಂಜೆ ಹೋಗುತ್ತಿದ್ದವನು.

"ಅವತ್ತು ಬಂದಾಂವ ಕುಂದರಲಿಲ್ರಿ. ‘ಸ್ಟೇಷನ್ ಗ್ವಾಡಿ ಮ್ಯಾಲ ನಿನ್ನ ನೋಡಿ ಬಂದೆ’ ಅಂದ. ಅಷ್ಟ. ಹಿಂಡಿ ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಹೋದ. ಮತ್ತ ಬರಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಸ್ಟೇಷನ್ನಿಗೆ ಹೋಗಿ ನೋಡಿದರು. ಗೋಡೆಯ ಮೇಲೆ ಅವರದೇ ಮುಖ. ಕುತ್ತಿಗೆಯಿಂದ ಕೆಳಗೆ ಯಾರದೋ ಮೈ, ಒದ್ದೆ ಸೀರೆ. ಗಂಡ ಅದನ್ನು ಒಂದು ವಿದೇಶಿ ಪತ್ರಿಕೆ ನೋಡಿ ಬರೆದಿದ್ದರು.

"ಜಗಳಾ ಮಾಡಿದೆ. ‘ಮೈ ನಿಂದಲ್ಲಲ್ಲ, ಯಾಕ ಅಳ್ತಿ’ ಅಂದ್ರು. ಮುಖಾ ನಂದ ಇದ್ದ ಮ್ಯಾಲ ಮೈ ಯಾರ್ದಾದ್ರೇನು, ನೋಡಾವ್ರಿಗೆ ಗೊತ್ತಾಗ್ತೈತೇನು ಅಂದೆ. ಇನ್ನ ಮಾಡೂದಿಲ್ಲ ಅಂದ್ರು."

"ಆದರೆ ಆಮೇಲೂ ಮಾಡಿದ್ದಾರೆ," ಎಂದೆ. ನನ್ನ ಮೇಜಿನ ಮೇಲಿದ್ದ ಪೋಸ್ಟರುಗಳು ಎಷ್ಟೋ ವರ್ಷಗಳವು.

"ಮಾಡ್ಯಾರ. ಫೋಟೋ ಎಲ್ಲಾ ತಗಡಿನ ಡಬ್ಬ್ಯಾಗ ಇದ್ವು. ತಗೀತಿದ್ರು, ಬರೀತಿದ್ರು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಕೇಳೋದು ಬಿಟ್ಟಿದ್ದೆ. ಎಷ್ಟ ಸಲ ಕೇಳ್ತೀರಿ?" ಕತ್ತರಿ ನಿಂತಿತು. "ಕೆಟ್ಟಾವ್ರಲ್ರಿ. ಮಗಳಿಗೆ ಸಾಲಿಗೆ ಹೋಗೂ ಮುಂದ ತಾವ ಜಡಿ ಹಾಕ್ತಿದ್ರು. ನನಗಿಂತ ಛಂದ ಹಾಕ್ತಿದ್ರು."

ಅಷ್ಟರಲ್ಲಿ ಆ ಮಗಳೇ ಬಂದಳು. ನಲವತ್ತು ದಾಟಿದವಳು, ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ. ನಾನು ಯಾರು, ಯಾಕೆ ಬಂದೆ ಎಂದು ತಿಳಿದ ಕೂಡಲೇ, ಕೈಚೀಲ ಇಡದೆ ನಿಂತುಕೊಂಡೇ ಮಾತಾಡಿದಳು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಆಗ ಮಂದಿ ಏನೇನಂದ್ರು ನಮಗ ಗೊತ್ತೈತಿ. ಈಗ ಮತ್ತ ಅದನ್ನ ದೀವಾರ್ ಮ್ಯಾಲ ಹಚ್ಚಿ, ಕೆಳಗ ಅಮ್ಮನ ನಾಮ್ ಬರದು, ಫೋಟೋ ತಗದು... ನಕೋ. ನನ್ನ ಮಗಳು ಕಾಲೇಜಿಗೆ ಹೋಗ್ತಾಳ."

ನಾನು ವಾದ ಮಾಡಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟು, ನನ್ನ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟು ಬಂದೆ.

ಹತ್ತು ದಿನದ ಮೇಲೆ ಆ ಅಮ್ಮನೇ ಫೋನ್ ಮಾಡಿದರು. "ನೋಡಬೇಕ್ರಿ ನನಗ. ಎಲ್ಲಾ ಒಟ್ಟಿಗೆ ಇಟ್ಟು ತೋರಸ್ತೀರೇನು? ಮಗಳು ಡ್ಯೂಟಿಗೆ ಹೋದ ಮ್ಯಾಲ ಬರ್ರಿ."

ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಹೋಗಿ ಕರೆದುಕೊಂಡು ಬಂದೆ. ಅವರದೂ ಮಂಡಿ, ನನ್ನದೂ ಮಂಡಿ. ಸ್ಟೇಷನ್ನಿನ ಮೆಟ್ಟಿಲುಗಳಲ್ಲಿ ಇಬ್ಬರೂ ಕಂಬಿ ಹಿಡಿದುಕೊಂಡು, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ನಮ್ಮನ್ನು ದಾಟಿ ಹೋಗುವವರಿಗೆ ದಾರಿ ಬಿಟ್ಟು ಹತ್ತಿದೆವು.

ಮ್ಯಾನೇಜರ್ ಹುಡುಗಿ ಆ ಹಲ್ಲಿನ ಪೋಸ್ಟರುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿಟ್ಟಿದ್ದಳು. ಕೋಣೆ ತುಂಬಿಹೋಗಿತ್ತು. ಅಮ್ಮ ಬಾಗಿಲಲ್ಲೇ ನಿಂತರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವರದೇ ಬಾಯಿ. ಸೆರಗಿನಿಂದ ಮೂಗು ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ. ಹಳೆಯ ಕಾಗದದ ವಾಸನೆಗೆ ಸೀನು ಬಂದಿತ್ತು, ಅಷ್ಟೇ.

"ಇಷ್ಟು ಚೀರೇನೇನ್ ನಾನು?" ಎಂದರು. "ಒಂದ ಮಧ್ಯಾಹ್ನ ಅಲ್ಲೇನ್ರಿ ಅದು?"

ಕುರ್ಚಿ ಕೊಟ್ಟೆವು. ಒಂದೊಂದೇ ನೋಡುತ್ತ ಹೋದರು. ಕೆಲವನ್ನು ನೋಡಿ ಮುಖ ತಿರುಗಿಸಿದರು. ಒಂದರಲ್ಲಿ ಗಂಡ ಅವರ ಕಿವಿಯ ಬೆಂಡೋಲೆಯನ್ನೂ ಬಿಡದೆ ಬರೆದಿದ್ದನ್ನು ಬಗ್ಗಿ ನೋಡಿದರು. ತವರಿನಲ್ಲಿ ಕೊಟ್ಟದ್ದಂತೆ. ಅಣ್ಣ ಗುರುತು ಹಿಡಿದದ್ದು ಅದರಿಂದಲೇ ಇರಬೇಕು ಎಂದರು.

ಆ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಅವರ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಕಾಂದಿವಲಿಯ ಗೋಡೆಯ ಕಥೆ ಹೇಳಿದೆ. ಆ ಗಂಡಸರು ನಕ್ಕದ್ದು, ಕೈವಾರ, ಎಲ್ಲವನ್ನೂ. ಅದು ನಿಮ್ಮದೇ ಮುಖ ಇದ್ದಿರಬಹುದು, ನನಗೆ ಗೊತ್ತಿಲ್ಲ, ಇಲ್ಲದೆಯೂ ಇರಬಹುದು ಎಂದೆ. ಇಷ್ಟು ವರ್ಷ ಯಾರಿಗೂ ಹೇಳದ ವಿಷಯ ಅದು.

ಅವರು ನನ್ನ ಕೈ ಹಿಡಿದುಕೊಂಡು ಕೇಳಿಸಿಕೊಂಡರು. ಅಲ್ಲಿಯವರೆಗೆ ಬಾಯಾರ ಎನ್ನುತ್ತಿದ್ದವರು, "ಛಲೋ ಮಾಡಿದಿ ತಂಗಿ," ಎಂದರು. "ನನ್ನ ಕೈಗೆ ನಿಲುಕಿದ್ರ ನಾನೂ ಹರದು ಒಗೀತಿದ್ದೆ. ಆದ್ರ ನನ್ನ ಕಣ್ಣಿಗ್ಯಾಕ ಚುಚ್ಚಿದಿ? ನಿಂತು ನೋಡಾವ್ರ ಕಣ್ಣು ಅಲ್ಲೇ ಇದ್ವಲ್ಲ."

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು, ಆ ಪ್ರಶ್ನೆ ನನಗೆ ನಾನೇ ಒಂದು ದಿನವೂ ಹಾಕಿಕೊಂಡಿರಲಿಲ್ಲ.

ಸಾಲಿನ ಕೊನೆಗೆ ದೆವ್ವಗಳಿದ್ದವು. ಅವರಿಗೆ ಇದು ಗೊತ್ತೇ ಇರಲಿಲ್ಲ. ತಮ್ಮ ಮುಖಕ್ಕೆ ಬಿಳಿ ಕೂದಲು ಬರೆದು ದೆವ್ವ ಮಾಡಿದ್ದಾರೆಂದು ಗಂಡ ಹೇಳಿರಲಿಲ್ಲ. ಒಂದರ ಮುಂದೆ ಕುರ್ಚಿ ಎಳೆಸಿಕೊಂಡು ಕೂತರು. ಹವೇಲಿಯ ಮೇಲೆ ಆಕಾಶದ ತುಂಬ ನಿಂತ ದೆವ್ವ. ಹೀರೋ, ಪೊಲೀಸರು, ಮಾಂತ್ರಿಕ ಎಲ್ಲರೂ ಅವಳ ಪಾದದ ಹತ್ತಿರ ಇರುವೆಗಳ ಹಾಗೆ. ಅವಳ ಮೈಮೇಲೆ ಬಿಳಿ ಸೀರೆ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉದ್ದ ತೋಳಿನ ರವಿಕೆಯ ಜೊತೆ.

"ಏ, ಇಲ್ಲಿ ನೋಡ ತಂಗಿ," ಎಂದು ಅಮ್ಮ ನನ್ನ ಮೊಣಕೈ ಹಿಡಿದು ಎಳೆದರು. "ದೆವ್ವಕ್ಕ ಮೈತುಂಬ ಸೀರಿ ಉಡಿಸ್ಯಾರ!"

ಅವರು ನಗತೊಡಗಿದರು. ನಾನು ಸಾಲಿನಲ್ಲಿದ್ದ ಉಳಿದ ದೆವ್ವಗಳನ್ನೂ ನೋಡಿದೆ. ಹೌದು. ತಿಂಗಳಿಂದ ದಿನವೂ ನೋಡುತ್ತಿದ್ದೇನೆ, ಫಾರಂನಲ್ಲಿ ಬಟ್ಟೆಯ ಬಣ್ಣ ಕೂಡ ಬರೆದಿದ್ದೇನೆ, ನನಗೆ ಹೊಳೆದಿರಲಿಲ್ಲ. ಬದುಕಿದವಳ ಸೀರೆ ಹರಿಯಬೇಕು, ಸತ್ತವಳ ಸೀರೆ ಜಾರುವುದಿಲ್ಲ. ಗಂಡಸರು ಓಡಿಹೋಗುತ್ತಿರುವುದು ಈ ಪೂರ್ತಿ ಉಟ್ಟವಳನ್ನು ನೋಡಿ. ಮ್ಯಾನೇಜರ್ ಹುಡುಗಿಯೂ ಬಂದು ಬಗ್ಗಿ ನೋಡಿದಳು. ಮೂವರೂ ನಕ್ಕೆವು. ನಗು ನಿಂತ ಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದನ್ನ ಒಂದ್ ಹಾಕಿದ್ರ ಆಗ್ತಿತ್ತು ಆ ಸ್ಟೇಷನ್ ಗ್ವಾಡಿಗೆ," ಎಂದರು.

ಹುಡುಗಿಗೆ ಉತ್ಸಾಹ ಬಂದುಬಿಟ್ಟಿತು. ಪ್ರದರ್ಶನದ ಮೊದಲ ಗೋಡೆ ಅಜ್ಜಿಯದೇ ಆಗಲಿ, ಅವರ ಈಗಿನ ಫೋಟೋ ದೊಡ್ಡದಾಗಿ ಇಡೋಣ, ಪಕ್ಕದಲ್ಲಿ ಇಡೀ ಕಥೆ, ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಒಂದೇ ಉಸಿರಿಗೆ ಹೇಳಿದಳು. ನಾನು ಕನ್ನಡದಲ್ಲಿ ತಿಳಿಸಿದೆ. ಮಗಳಿಗೆ ಮಾತು ಕೊಟ್ಟದ್ದನ್ನೂ ನೆನಪಿಸಿದೆ.

"ಬ್ಯಾಡ," ಎಂದರು ಅಮ್ಮ. "ಒಮ್ಮೆ ನನ್ನ ಕೇಳದ ಗ್ವಾಡಿಗೆ ಹಚ್ಚಿದ್ರು. ಈಗ ನೀವು ಕೇಳಾಕತ್ತೀರಿ. ಕೇಳಿದ್ದಕ್ಕ ಹೇಳ್ತೀನಿ, ಬ್ಯಾಡ."

ಹುಡುಗಿಯ ಮುಖ ಸಣ್ಣದಾಯಿತು. ಹಾಗಾದರೆ ಈ ಪೋಸ್ಟರುಗಳ ವಿವರದಲ್ಲಿ ಏನು ಬರೆಯಲಿ ಎಂದು ನಾನೇ ಕೇಳಿದೆ. ಬಲಿ ಎಂದು ಒತ್ತಿ ಮುಂದೆ ಹೋಗಲು ಇನ್ನು ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ಇನ್ನೊಮ್ಮೆ ಸಾಲಿನ ಕಡೆ ನೋಡಿದರು.

"ಹಿಂಗ ಬರೀರಿ. ಮುಖಾ, ಬರದಾಂವನ ಹೇಣ್ತಿದು. ಮೈ ಅಕಿದಲ್ಲ."

"ಅಷ್ಟೇ?"

"ಅಷ್ಟ ಸಾಕು."

ನಾನು ಹಾಗೆಯೇ ಬರೆದೆ. ಹುಡುಗಿ ಒಪ್ಪಿ, ಪಾತ್ರದ ಕಾಲಂ ಖಾಲಿ ಬಿಟ್ಟರೂ ಫಾರಂ ಮುಂದೆ ಹೋಗುವಂತೆ ಮಾಡಿಸಿದಳು. ಆ ಹಲ್ಲಿರುವ ಪ್ರತಿಯೊಂದು ಪೋಸ್ಟರಿನ ವಿವರದಲ್ಲೂ ಮೂರು ಭಾಷೆಗಳಲ್ಲಿ ಆ ಎರಡು ವಾಕ್ಯ ಸೇರಿಸಲು ನನಗೆ ಮುಂದಿನ ಎರಡು ದಿನ ಹಿಡಿಯಿತು. ದೆವ್ವಗಳಿಗೆ ಎರಡನೆಯ ವಾಕ್ಯ ಬೇಕೇ ಎಂದು ಅನುಮಾನ ಬಂದು ಫೋನ್ ಮಾಡಿ ಕೇಳಿದಾಗ, "ಅದಕ್ಕ ಬ್ಯಾಡ ಬಿಡು," ಎಂದರು.

ಅಮ್ಮ ಬಂದಿದ್ದ ಆ ದಿನ, ಹೊರಡುವ ಮೊದಲು ಚಹಾ ಕುಡಿಸಿ, ದೆವ್ವದ ಪೋಸ್ಟರಿನ ಒಂದು ಸಣ್ಣ ಪ್ರಿಂಟ್ ತೆಗೆದುಕೊಟ್ಟಳು ಹುಡುಗಿ. ಅಮ್ಮ ಅದನ್ನು ಮಡಿಸದೆ ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡರು. ಮಗಳು ಬರುವ ಮೊದಲು ಮನೆ ಸೇರಬೇಕಿತ್ತು. ಗೋರೆಗಾಂವ್ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟೆವು, ಹತ್ತಲು ಜಾಗವಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದಾಗ ಅವರು ರವಿಕೆಯೊಳಗಿನಿಂದ ಸಣ್ಣ ಪರ್ಸು, ಪರ್ಸಿನೊಳಗಿನಿಂದ ಹಳೆಯ ಬಟನ್ ಫೋನ್ ತೆಗೆದರು.

"ಇದ್ರಾಗ ನಮ್ಮಣ್ಣನ ಮಗನ ನಂಬರ್ ಐತಿ. ಮಗಳು ಹಾಕಿ ಕೊಟ್ಟಿದ್ಲು. ಎರಡ್ ವರ್ಷ ಆತು. ಹಚ್ಚಿ ಕೊಡ."

ಹಚ್ಚಿಕೊಟ್ಟೆ. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಒತ್ತಿದೆ. ಮೊದಲು ಒಬ್ಬ ಗಂಡಸು ಮಾತಾಡಿದ. ಅತ್ತೆ ಎಂದು ತಿಳಿದು ತಡಬಡಾಯಿಸಿ, "ತಡಿ ಅತ್ತಿ, ಅಪ್ಪಗ ಕೊಡ್ತೀನಿ," ಎಂದ. ಸ್ವಲ್ಪ ಹೊತ್ತು ಅಲ್ಲಿ ಎಮ್ಮೆ ಕೂಗುವುದು, ಯಾರೋ ಬಕೆಟ್ ಇಡುವುದು ಕೇಳಿಸಿತು. ಆಮೇಲೆ ಒಂದು ಮುದಿ ದನಿ.

"ಯಾರು?"

"ನಾನೋ, ಅಣ್ಣಾ."

ವಿರಾರ್ ಫಾಸ್ಟ್ ಒಂದು ನಮ್ಮ ಮುಂದೆ ನಿಲ್ಲದೆ ಹೋಯಿತು. ಅದು ಹೋಗಿ ಮುಗಿಯುವವರೆಗೂ ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಎಲ್ಲಿದ್ದಿ? ಭಾಳ ಗದ್ಲ ಐತಲ್ಲ."

"ಗೋರೆಗಾಂವ್ ಸ್ಟೇಷನ್ನ್ಯಾಗ. ಫೋಟೋ ನೋಡಾಕ ಬಂದಿದ್ದೆ."

ಯಾವ ಫೋಟೋ ಎಂದು ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ. "ಕಾಲ ಹೆಂಗದಾವ?" ಎಂದ.

"ಮೆಟ್ಲಾ ಹತ್ತಾಕ ಆಗೂದಿಲ್ಲ. ನಿಂದು?"

"ನಂದೂ ಅಷ್ಟ. ಹೊಲದ ಕಡೆ ಹೋಗೋದು ಬಿಟ್ಟೀನಿ. ಕಣ್ಣಿನ ಪೊರಿ ತಗಿಸ್ಯಾರ."

"ಎಣ್ಣಿ ಹಚ್ಚಿ ತಿಕ್ಕೋ ಮಣಕಾಲಿಗೆ. ಬಿಸಿ ಮಾಡಿ ಹಚ್ಚು."

"ಹೂಂ."

ಹೀಗೆ ನಾಲ್ಕೈದು ಮಾತು. ಊರಲ್ಲಿ ಯಾರಿದ್ದಾರೆ, ಯಾರು ಹೋದರು. ಅಮ್ಮನ ಗಂಡ ಹೋದದ್ದು ಅವನಿಗೆ ಗೊತ್ತಿತ್ತು, ಆ ಮಾತು ಬಂದಾಗ "ಹೂಂ, ಕೇಳಿದೆ" ಎಂದ. ಕೊನೆಗೆ, "ಇಡ್ತೀನಿ. ಬಿಸಲಾಗ ಅಡ್ಡಾಡಬ್ಯಾಡ," ಎಂದು ಇಟ್ಟುಬಿಟ್ಟ.

ಅಮ್ಮ ಫೋನನ್ನು ಪರ್ಸಿನಲ್ಲಿಟ್ಟು, ಪರ್ಸನ್ನು ಒಳಗಿಟ್ಟುಕೊಂಡರು. ನಾನು ಏನಾದರೂ ಹೇಳಬೇಕೆಂದು ಅವರ ಮುಖ ನೋಡಿದೆ.

"ದನಿ ಭಾಳ ಸಣ್ಣ ಆಗೈತಿ ಅವಂದು," ಎಂದರು. ಆಮೇಲೆ ಸ್ಲೋ ಗಾಡಿ ಬಂತು. ಲೇಡೀಸ್ ಡಬ್ಬಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ಅವರಿಗೆ ಜಾಗ ಕೊಟ್ಟಳು. ಅಂಧೇರಿ ಬರುವಷ್ಟರಲ್ಲಿ ಪಕ್ಕದ ಸೀಟು ಖಾಲಿಯಾಗಿ ನನಗೂ ಕೂರಲು ಸಿಕ್ಕಿತು. ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು. ಬಾಂದ್ರಾ ದಾಟಿದ ಮೇಲೆ ಎಬ್ಬಿಸಿದೆ. ಮಾಹಿಮ್‌ನಲ್ಲಿ ಇಳಿದು, ಮಗಳು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿರುವಾಗ ಅವರನ್ನು ಮನೆಗೆ ಮುಟ್ಟಿಸಿ ಬಂದೆ.